ಅರವತ್ತು ತುಂಬಿದವರ ಔಷಧಿ ಚೀಟಿ



ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ತಿಂಗಳ ಹಿಂದೆ ನನಗೊಂದು ಪತ್ರ ಬರೆದಿದ್ದ. ಹುಣಸೂರಿನಲ್ಲಿ ನನ್ನ ತರಗತಿಯ ಮೂರನೆಯ ಬೆಂಚಿನಲ್ಲಿ ಕುಳಿತು ಇಸವಿಗಳನ್ನು ಬೆರಳೆಣಿಸಿ ಬಾಯಿಪಾಠ ಮಾಡುತ್ತಿದ್ದ ಹುಡುಗ ಅವನು. "ಸಾರ್, ಇಲ್ಲಿ ಅರವತ್ತು ತುಂಬಿದವರು ಡಾಕ್ಟರ ಚೀಟಿ ತೋರಿಸಿ ಔಷಧಿ ತೆಗೆದುಕೊಂಡರೆ ಒಂದು ಕಾಸೂ ಕೊಡಬೇಕಾಗಿಲ್ಲ. ಊರಿನಲ್ಲಿ ನಮ್ಮ ತಂದೆಯವರಿಗೆ ಪ್ರತಿ ತಿಂಗಳೂ ಮಾತ್ರೆಗೆ ಹಣ ಕಳಿಸುತ್ತಿದ್ದೇನೆ. ಕಳಿಸುವ ಮಕ್ಕಳಿಲ್ಲದವರ ಗತಿಯೇನು? ನಮ್ಮಲ್ಲಿ ಇಂಥದೊಂದು ವ್ಯವಸ್ಥೆ ಎಂದೂ ಇರಲಿಲ್ಲವೇ? ನೀವು ಇತಿಹಾಸದ ಮೇಷ್ಟ್ರು, ಹೇಳಿ" ಎಂದು ಕೇಳಿದ್ದ.

ಪ್ರಶ್ನೆ ಚಿಕ್ಕದು. ಉತ್ತರ ಹುಡುಕಲು ಹೊರಟಾಗ ಮಾತ್ರ ಅದು ನನ್ನನ್ನು ನನ್ನ ಸೋದರತ್ತೆಯ ಮನೆಯ ಎಲೆಅಡಿಕೆ ಡಬ್ಬಿಯಿಂದ ಲಂಡನ್ನಿನ ಪಾರ್ಲಿಮೆಂಟಿನವರೆಗೆ ಅಲೆದಾಡಿಸಿತು. ಆ ಅಲೆದಾಟದ ಫಲವನ್ನು ಇಲ್ಲಿ ನಿಮ್ಮೆದುರು ಇಡುತ್ತಿದ್ದೇನೆ.

ಮೊದಲು ಎಲೆಅಡಿಕೆ ಡಬ್ಬಿಯ ವಿಷಯ. ನನ್ನ ಸೋದರತ್ತೆಯ ಮನೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಕನಕೋಟೆಯ ಕಾಡಿನ ಅಂಚಿಗೆ ಹತ್ತಿಕೊಂಡ ಒಂದು ಹಳ್ಳಿಯಲ್ಲಿದೆ. 2024ರ ಯುಗಾದಿಗೆ ಹೋಗಿದ್ದಾಗ ಅತ್ತೆ ನನಗೆ ಎಲೆ ಮಡಿಸಿಕೊಡಲೆಂದು ಡಬ್ಬಿ ತೆರೆದರು. ಸುಣ್ಣದ ಕಾಯಿಯ ಪಕ್ಕದಲ್ಲಿ ಒಂದು ಕಾಗದದ ಪೊಟ್ಟಣವಿತ್ತು. ಅದರೊಳಗೆ ಅಡಿಕೆ ಕತ್ತರಿಯಿಂದ ಎರಡು ಹೋಳು ಮಾಡಿದ ಬಿಳಿಯ ಮಾತ್ರೆಗಳಿದ್ದವು. ಅವು ರಕ್ತದೊತ್ತಡದ ಮಾತ್ರೆಗಳು. "ಇದೇನತ್ತೆ?" ಎಂದೆ. "ಅರ್ಧ ಅರ್ಧ ನುಂಗ್ತೀನಿ ಕಣಪ್ಪ. ಒಂದಿನ ಬುಟ್ಟು ಒಂದಿನ. ತಿಂಗ್ಳಿಗೆ ತಂದದ್ದು ನಾಕು ತಿಂಗ್ಳು ಬತ್ತದೆ" ಎಂದರು. ಆ ಮಾತಿನಲ್ಲಿ ದೂರಿನ ಛಾಯೆಯೂ ಇರಲಿಲ್ಲ. ಮನೆವಾರ್ತೆಯನ್ನು ಜಾಣತನದಿಂದ ನಿಭಾಯಿಸಿದವರ ಸಮಾಧಾನವಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುವುದಿಲ್ಲವೇ ಎಂದು ಕೇಳಿದೆ. ಸಿಗುತ್ತದೆ, ಆದರೆ ಪ್ರತಿ ಸಾರಿಯೂ ಸಿಗುವುದಿಲ್ಲ. "ಮಾತ್ರೆ ಬಂದಿಲ್ಲ, ಹೊರಗೆ ತಗೊಳ್ಳಿ" ಎಂದು ಚೀಟಿ ಬರೆದುಕೊಡುತ್ತಾರೆ. ಬಸ್ಸಿಗೆ ಈಗ ಹೆಂಗಸರು ದುಡ್ಡು ಕೊಡುವ ಹಾಗಿಲ್ಲ, ನಿಜ, ಆದರೆ ಜೊತೆಗೆ ಬರುವವರ ಒಂದು ದಿನದ ಕೂಲಿ ಹೋಗುತ್ತದೆ ಎಂದರು. ನಾನು ಉಪದೇಶ ಮಾಡಿ, ಮೂರು ತಿಂಗಳ ಮಾತ್ರೆ ತಂದುಕೊಟ್ಟು, ಕರ್ತವ್ಯ ಮುಗಿಯಿತೆಂದು ಹುಣಸೂರಿಗೆ ಹಿಂತಿರುಗಿದೆ. ಮುಂದೇನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ಇತಿಹಾಸ.

ನನ್ನ ಬಾಲ್ಯದಲ್ಲಿ, ಅಂದರೆ 1960ರ ದಶಕದಲ್ಲಿ, ನಮ್ಮ ಕಡೆಯ ಹಿರಿಯರು ಸರ್ಕಾರಿ ಆಸ್ಪತ್ರೆಗೆ 'ಧರ್ಮಾಸ್ಪತ್ರೆ' ಎನ್ನುತ್ತಿದ್ದರು. ಆ ಹೆಸರಿನಲ್ಲಿಯೇ ಒಂದು ಯುಗದ ಮನೋಭಾವ ಅಡಗಿದೆ. ಔಷಧಿ ಎಂಬುದು ದೊರೆ ಪ್ರಜೆಗೆ ಮಾಡುವ ಧರ್ಮ. ಅದಕ್ಕೆ ಬೆಲೆಯಿಲ್ಲ, ಹಾಗೆಯೇ ಅದು ಹಕ್ಕೂ ಅಲ್ಲ. ನಾವು ಧರ್ಮಾಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ತೊಳೆದ ಸೀಸೆ ಒಯ್ಯಬೇಕಾಗಿತ್ತು. ಡಾಕ್ಟರು ನಾಡಿ ಹಿಡಿದು ನೋಡಿ ಚೀಟಿ ಬರೆದರೆ, ಕಿಟಕಿಯ ಆಚೆ ನಿಂತ ಕಾಂಪೌಂಡರು ದೊಡ್ಡ ಜಾಡಿಯಿಂದ ಕೆಂಪು ಬಣ್ಣದ ಔಷಧಿಯನ್ನು ಸೀಸೆಗೆ ಸುರಿದು, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅದರ ಮೈಗೆ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ನನ್ನ ಅಜ್ಜ ಆ ಪಟ್ಟಿಯನ್ನು ನೋಡಿಯೇ ನನಗೆ ಭಿನ್ನರಾಶಿ ಕಲಿಸಿದರು. ಅಜ್ಜನ ವಯಸ್ಸೆಷ್ಟೆಂದು ಅಲ್ಲಿ ಯಾರೂ ಕೇಳಿದ ನೆನಪಿಲ್ಲ. ಶುಲ್ಕವೇ ಇಲ್ಲದಿದ್ದ ಮೇಲೆ ವಿನಾಯಿತಿಯ ಪ್ರಶ್ನೆ ಎಲ್ಲಿಂದ ಹುಟ್ಟೀತು!

ಮೈಸೂರು ಸಂಸ್ಥಾನದ ಅರಸರ ಕಾಲದಲ್ಲಿ ನೆಟ್ಟ ಗಿಡದ ಹಣ್ಣುಗಳನ್ನೇ ನಾವು ಅಂದು ತಿನ್ನುತ್ತಿದ್ದೆವು. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಅದರೊಂದಿಗೆ ಬೆಳೆದ ಕೃಷ್ಣರಾಜೇಂದ್ರ ಆಸ್ಪತ್ರೆಯನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ಕಡೆಯ ಜನ ಇಂದಿಗೂ 'ದೊಡ್ಡಾಸ್ಪತ್ರೆ' ಎಂದೇ ಕರೆಯುತ್ತಾರೆ. ಇನ್ನು ಇಡೀ ದೇಶದ ಮಟ್ಟದಲ್ಲಿ, ಸ್ವಾತಂತ್ರ್ಯಕ್ಕೆ ಮೊದಲೇ 1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. 1946ರಲ್ಲಿ ಅದು ಕೊಟ್ಟ ವರದಿಯ ತಿರುಳು ಇಷ್ಟು: ಹಣ ಕೊಡಲಾರ ಎಂಬ ಕಾರಣಕ್ಕೆ ಯಾವ ವ್ಯಕ್ತಿಯೂ ಚಿಕಿತ್ಸೆಯಿಂದ ವಂಚಿತನಾಗಬಾರದು. ಧರ್ಮವನ್ನು ಹಕ್ಕಾಗಿ ಮಾಡುವ ಮೊದಲ ಹೆಜ್ಜೆ ಅದಾಗಿತ್ತು.

ಆದರೆ ಒಂದು ಮಾತನ್ನು ಮರೆಯಬಾರದು. 1941ರಿಂದ 1951ರ ದಶಕದಲ್ಲಿ ಭಾರತೀಯನೊಬ್ಬನ ಸರಾಸರಿ ಆಯುಸ್ಸು ಸುಮಾರು 32 ವರ್ಷ ಮಾತ್ರ. ನಮ್ಮ ಕಾಡಂಚಿನ ಊರುಗಳಲ್ಲಿ ಮಲೇರಿಯಾ ಚಳಿಜ್ವರವೇ ದೊಡ್ಡ ಶತ್ರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು, ಗೋಡೆಗೋಡೆಗೂ ಡಿಡಿಟಿ ಹೊಡೆದ ಮೇಲೆ ಅದು ಹತೋಟಿಗೆ ಬರತೊಡಗಿತು. ಅಂದಿನ ಕಾಯಿಲೆಗಳು ಬಂದರೆ ಮೂರು ದಿನ, ಹೆಚ್ಚೆಂದರೆ ಮೂರು ವಾರ. ರೋಗಿ ಬದುಕುತ್ತಿದ್ದ, ಇಲ್ಲವೇ ಸಾಯುತ್ತಿದ್ದ. ಒಂದು ಸೀಸೆ ಕೆಂಪು ಔಷಧಿಯಲ್ಲಿ ಸರ್ಕಾರದ ಹೊಣೆ ಮುಗಿಯುತ್ತಿತ್ತು. ಮೂವತ್ತು ವರ್ಷ ಪ್ರತಿದಿನ ನುಂಗಬೇಕಾದ ಮಾತ್ರೆಯನ್ನು ಧರ್ಮಾಸ್ಪತ್ರೆ ಕಂಡಿರಲಿಲ್ಲ. ಇಂದು ನಮ್ಮ ರಾಜ್ಯದಲ್ಲಿ ಮುದುಕರ ಸಂಖ್ಯೆ ದೊಡ್ಡದು; 2011ರ ಜನಗಣತಿಯಲ್ಲಿಯೇ ಕರ್ನಾಟಕದ ಜನಸಂಖ್ಯೆಯ ಶೇ. 9.5ರಷ್ಟು ಮಂದಿ ಅರವತ್ತು ದಾಟಿದವರಾಗಿದ್ದರು. ಜ್ವರಕ್ಕೆಂದು ಕಟ್ಟಿದ ವ್ಯವಸ್ಥೆಯ ಬಾಗಿಲಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಬಂದು ನಿಂತಿವೆ. ನಮ್ಮ ಕಥೆಯ ಗಂಟು ಇರುವುದು ಇಲ್ಲಿಯೇ.

ಈಗ ನನ್ನ ಶಿಷ್ಯನಿರುವ ದೇಶದ ಕಥೆಯನ್ನು ನೋಡೋಣ. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಔಷಧಿ ಎಲ್ಲರಿಗೂ ಉಚಿತವಾಗಿತ್ತು. ಖರ್ಚು ಏರಿತು. 1951ರಲ್ಲಿ ಕಟ್ಟುಹಲ್ಲು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಲು ಸರ್ಕಾರ ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅವರೊಂದಿಗೆ ರಾಜೀನಾಮೆ ಕೊಟ್ಟವರಲ್ಲಿ ಹೆರಾಲ್ಡ್ ವಿಲ್ಸನ್ ಎಂಬ ತರುಣ ಮಂತ್ರಿಯೂ ಒಬ್ಬರು. 1952ರ ಜೂನ್ 1ರಿಂದ ಔಷಧಿಯ ಚೀಟಿಯೊಂದಕ್ಕೆ ಒಂದು ಷಿಲಿಂಗ್ ಶುಲ್ಕ ಬಂದಿತು. ಮುಂದೆ ವಿಲ್ಸನ್ ಅವರೇ ಪ್ರಧಾನಿಯಾಗಿ 1965ರ ಫೆಬ್ರವರಿಯಲ್ಲಿ ಆ ಶುಲ್ಕವನ್ನು ತೆಗೆದುಹಾಕಿದರು. ಮೂರೇ ವರ್ಷಗಳಲ್ಲಿ ದೇಶದ ಹಣಕಾಸು ಹದಗೆಟ್ಟು, 1968ರ ಜೂನ್‌ನಲ್ಲಿ ಅದೇ ವಿಲ್ಸನ್ ಸರ್ಕಾರ ಔಷಧಿಗೆ ಎರಡೂವರೆ ಷಿಲಿಂಗ್ ಶುಲ್ಕವನ್ನು ಮತ್ತೆ ಹೇರಿತು! ತತ್ತ್ವಕ್ಕಾಗಿ ಪದವಿ ಬಿಟ್ಟವರೇ ಪದವಿಯಲ್ಲಿದ್ದಾಗ ತತ್ತ್ವ ಬಿಡಬೇಕಾಗಿ ಬಂದುದು ಇತಿಹಾಸದ ವಿನೋದಗಳಲ್ಲೊಂದು.

ಆದರೆ 1968ರಲ್ಲಿ ಒಂದು ಹೊಸ ಅಂಶ ಸೇರಿತು. ಅದುವೇ ವಿನಾಯಿತಿ. ಮಕ್ಕಳು, ಗರ್ಭಿಣಿಯರು, ಕೆಲವು ದೀರ್ಘಕಾಲದ ಕಾಯಿಲೆಯವರು, ಬಡವರು, 65 ವರ್ಷ ತುಂಬಿದವರು ಇವರೆಲ್ಲ ಶುಲ್ಕ ಕೊಡಬೇಕಾಗಿಲ್ಲ ಎಂದಾಯಿತು. ಬಳಿಕ ನಿವೃತ್ತಿ ವೇತನದ ವಯಸ್ಸನ್ನು ಅನುಸರಿಸಿ ಹೆಂಗಸರಿಗೆ 60, ಗಂಡಸರಿಗೆ 65 ಎಂಬ ಭೇದ ಬಂದಿತು. ನಿವೃತ್ತರೊಬ್ಬರು ಇದನ್ನು ಪ್ರಶ್ನಿಸಿ ಯೂರೋಪಿನ ನ್ಯಾಯಾಲಯದವರೆಗೂ ಹೋದರು. 1995ರಲ್ಲಿ ಅವರ ಪರವಾಗಿ ತೀರ್ಪು ಬಂದು ಗಂಡಸರಿಗೂ 60ಕ್ಕೇ ವಿನಾಯಿತಿ ದೊರೆಯಿತು. ವೇಲ್ಸ್ 2007ರಲ್ಲಿ, ಉತ್ತರ ಐರ್ಲೆಂಡ್ 2010ರಲ್ಲಿ, ಸ್ಕಾಟ್‌ಲೆಂಡ್ 2011ರಲ್ಲಿ ಎಲ್ಲ ವಯಸ್ಸಿನವರಿಗೂ ಶುಲ್ಕವನ್ನೇ ರದ್ದು ಮಾಡಿದವು. ಇಂಗ್ಲೆಂಡ್ ಮಾತ್ರ ಉಳಿಸಿಕೊಂಡಿತು. ಅಲ್ಲಿ ವಿನಾಯಿತಿಯ ವಯಸ್ಸನ್ನು 66ಕ್ಕೆ ಏರಿಸುವ ಪ್ರಸ್ತಾಪ 2021ರಲ್ಲಿ ಬಂದಿತ್ತು. 2023ರಲ್ಲಿ ಅದನ್ನು ಕೈಬಿಟ್ಟರು. ಶುಲ್ಕ ಉಳಿದಿದ್ದರೂ ಇಂಗ್ಲೆಂಡಿನಲ್ಲಿ ಹತ್ತು ಔಷಧಿಗಳಲ್ಲಿ ಸುಮಾರು ಒಂಬತ್ತು ಯಾವ ಶುಲ್ಕವೂ ಇಲ್ಲದೆಯೇ ರೋಗಿಗಳ ಕೈ ಸೇರುತ್ತವೆ.

ಈ ಕಥೆಯಲ್ಲಿ ನನ್ನ ಗಮನ ಸೆಳೆದದ್ದು ಹಣದ ಮೊತ್ತವಲ್ಲ, ಗುರುತಿಸುವ ವಿಧಾನ. ಅರವತ್ತು ತುಂಬಿದವನು ತಾನು ಬಡವನೆಂದು ಸಾಬೀತು ಮಾಡಬೇಕಾಗಿಲ್ಲ. ಡಾಕ್ಟರರ ಚೀಟಿಯ ಮೇಲೆ ಅಚ್ಚಾಗಿರುವ ಹುಟ್ಟಿದ ದಿನಾಂಕವೇ ಅವನ ಪರವಾಗಿ ಮಾತನಾಡುತ್ತದೆ. ಯಾರ ಮುಂದೆಯೂ ಕೈಯೊಡ್ಡುವ ಅಗತ್ಯವಿಲ್ಲ. ಈ ಅಂಶವನ್ನು ನೆನಪಿಟ್ಟುಕೊಂಡು ನಮ್ಮ ಕಡೆಗೆ ಹಿಂತಿರುಗೋಣ.

ನಮ್ಮಲ್ಲಿ ಗಾಳಿ ಬೇರೆ ದಿಕ್ಕಿನಿಂದ ಬೀಸಿತು. 1978ರಲ್ಲಿ ಅಲ್ಮಾ ಆಟಾ ನಗರದಲ್ಲಿ ಸೇರಿದ ದೇಶಗಳು ಎಲ್ಲರಿಗೂ ಆರೋಗ್ಯವೆಂದು ಘೋಷಿಸಿದವು. ಒಂಬತ್ತೇ ವರ್ಷಗಳ ಬಳಿಕ, 1987ರಲ್ಲಿ, ಬಡ ದೇಶಗಳ ಆಸ್ಪತ್ರೆಗಳು ರೋಗಿಗಳಿಂದ ಬಳಕೆದಾರರ ಶುಲ್ಕ ವಸೂಲು ಮಾಡಬೇಕೆಂದು ವಿಶ್ವಬ್ಯಾಂಕ್ ತನ್ನ ವರದಿಯೊಂದರಲ್ಲಿ ವಾದಿಸಿತು. ಕರ್ನಾಟಕದಲ್ಲಿ 1996ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಬಂದಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಿಗೆ ಹೊಸ ಕಟ್ಟಡಗಳು, ಯಂತ್ರಗಳು ಬಂದುದು ಅದರಿಂದಲೇ. ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅದರ ಜೊತೆಯಲ್ಲಿಯೇ ಪರೀಕ್ಷೆಗಳಿಗೆ, ವಾರ್ಡಿಗೆ ಬಳಕೆದಾರರ ಶುಲ್ಕ ಪಡೆದು, ಆ ಹಣವನ್ನು ಆಸ್ಪತ್ರೆಯೇ ಇರಿಸಿಕೊಳ್ಳುವ ಪದ್ಧತಿಯೂ ಬೇರೂರಿತು. ಧರ್ಮಾಸ್ಪತ್ರೆಯ ಕಿಟಕಿಯ ಪಕ್ಕದಲ್ಲಿ ರಸೀದಿ ಪುಸ್ತಕದ ಕಿಟಕಿಯೊಂದು ತೆರೆಯಿತು.

ಶುಲ್ಕ ಬಂದ ಮೇಲೆ ವಿನಾಯಿತಿಯೂ ಬರಲೇಬೇಕಲ್ಲವೇ? ಬಂದಿತು. ಆದರೆ ಇಂಗ್ಲೆಂಡಿನಂತೆ ವಯಸ್ಸಿನ ಆಧಾರದ ಮೇಲಲ್ಲ, ಬಡತನದ ರೇಖೆಯ ಆಧಾರದ ಮೇಲೆ. ಬಿಪಿಎಲ್ ಕಾರ್ಡು ಇದ್ದರೆ ವಿನಾಯಿತಿ, ಇಲ್ಲದಿದ್ದರೆ ರಸೀದಿ. ಅರವತ್ತು ದಾಟಿದ ಮುದುಕಿಯ ಹೆಸರು ಮಗನ ಪಡಿತರ ಚೀಟಿಯಲ್ಲಿರುತ್ತದೆ. ಮಗನಿಗೊಂದು ಸಣ್ಣ ಕೆಲಸ ಸಿಕ್ಕಿ ಕಾರ್ಡಿನ ಬಣ್ಣ ಬದಲಾದರೆ ತಾಯಿಯೂ ಕಾಗದದಲ್ಲಿ ಉಳ್ಳವಳಾಗುತ್ತಾಳೆ, ಅವಳ ಸೆರಗಿನ ಗಂಟಿನಲ್ಲಿ ಐದು ರೂಪಾಯಿ ಇಲ್ಲದಿದ್ದರೂ. ಇನ್ನೊಬ್ಬರ ವರಮಾನದಿಂದ ಮುದುಕರ ಬಡತನವನ್ನು ಅಳೆಯುವ ಈ ಕ್ರಮ ನನಗೆ ಮೊದಲಿನಿಂದಲೂ ಸರಿಕಂಡಿಲ್ಲ.

ಆ ಕಾಲದಲ್ಲಿಯೇ ಒಳ್ಳೆಯ ಪ್ರಯತ್ನಗಳೂ ನಡೆದವು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರ 1999ರಲ್ಲಿ ಆರೋಗ್ಯ ಕಾರ್ಯಪಡೆಯೊಂದನ್ನು ರಚಿಸಿತು. 2001ರಲ್ಲಿ ಅದರ ವರದಿ ಬಂದಿತು. ನಮ್ಮ ಕೋಟೆ ತಾಲ್ಲೂಕಿನಲ್ಲಂತೂ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಾಡಿನ ಜನರ ನಡುವೆ ಕೆಲಸ ಆರಂಭಿಸಿ, ಮುಂದೆ ಸರಗೂರಿನಲ್ಲಿ ಆಸ್ಪತ್ರೆಯನ್ನೇ ನಡೆಸಿತು. ಇದರ ಮಹತ್ವ ತಿಳಿಯಬೇಕಾದರೆ ಕಾಕನಕೋಟೆಯ ಕಥೆ ನೆನಪಿರಬೇಕು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟು ಮುಗಿದು ಕಾಡು, ಊರುಗಳು ನೀರಿನೊಳಗೆ ಹೋದವು. ಈ ಮೂರು ವರ್ಷಗಳ ಆಸುಪಾಸಿನಲ್ಲಿ ಜೇನುಕುರುಬರ ಲೋಕವೇ ಬುಡಮೇಲಾಯಿತು. ಬೇರು, ತೊಗಟೆ, ಜೇನು ಇವೇ ಔಷಧಿಯಾಗಿದ್ದ ಕಡೆ ಔಷಧಿಗೆ ಬೆಲೆಯೆಂಬುದು ಇರಲಿಲ್ಲ. ಕಾಡಿನಿಂದ ಹೊರಬಂದವರು ಮೊದಲು ಕಲಿತ ಪಾಠಗಳಲ್ಲಿ ಔಷಧಿಯ ಅಂಗಡಿಯಲ್ಲಿ ದುಡ್ಡು ಎಣಿಸಿಕೊಡುವುದೂ ಒಂದು.

ಔಷಧಿಯ ಬೆಲೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಮಾತ್ರೆಗಳು ಪಶ್ಚಿಮದ ದೇಶಗಳಿಗಿಂತ ಅಗ್ಗವಾದುದು ಆಕಸ್ಮಿಕವಲ್ಲ. 1970ರ ಪೇಟೆಂಟ್ ಕಾಯಿದೆಯಲ್ಲಿ ಔಷಧ ವಸ್ತುವಿಗೆ ಪೇಟೆಂಟ್ ಇಲ್ಲವೆಂದೂ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಎಂದೂ ಮಾಡಿದ್ದರಿಂದ, ನಮ್ಮ ಕಾರ್ಖಾನೆಗಳು ಬೇರೆ ವಿಧಾನದಲ್ಲಿ ಅದೇ ಔಷಧಿ ತಯಾರಿಸಿ ಕಡಿಮೆ ಬೆಲೆಗೆ ಕೊಟ್ಟವು. 1975ರಲ್ಲಿ ಹಾಥಿ ಸಮಿತಿ ಔಷಧಿಗಳನ್ನು ಕಂಪನಿಯ ಹೆಸರಿಗೆ ಬದಲಾಗಿ ಮೂಲದ ಹೆಸರಿನಿಂದಲೇ ಬರೆಯಬೇಕೆಂಬ ದಾರಿ ತೋರಿಸಿತು. 2005ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಂತೆ ಪೇಟೆಂಟ್ ಕಾಯಿದೆ ಬದಲಾದರೂ, ಹಳೆಯ ಮಾತ್ರೆಗಳು ಅಗ್ಗವಾಗಿಯೇ ಉಳಿದವು. 2008ರಲ್ಲಿ ಅಮೃತಸರದಲ್ಲಿ ಮೊದಲ ಜನೌಷಧಿ ಅಂಗಡಿ ತೆರೆಯಿತು. ಈಗ ಅವು ನಮ್ಮ ತಾಲ್ಲೂಕು ಕೇಂದ್ರಗಳಿಗೂ ಬಂದಿವೆ. 2025ರ ಮೇ ತಿಂಗಳಿನಲ್ಲಿ ನಮ್ಮ ರಾಜ್ಯ ಸರ್ಕಾರ, ಆಸ್ಪತ್ರೆಯೇ ಔಷಧಿಯನ್ನು ಉಚಿತವಾಗಿ ಕೊಡಬೇಕಾಗಿರುವಾಗ ಅದರ ಆವರಣದಲ್ಲಿ ಮಾರಾಟದ ಅಂಗಡಿ ಏಕೆಂದು ಕೇಳಿ, ಅಲ್ಲಿದ್ದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ವಾದ ಎರಡೂ ಕಡೆ ಇದೆ. ಆಸ್ಪತ್ರೆಯ ಕಪಾಟು ತುಂಬಿದ್ದ ದಿನ ಸರ್ಕಾರದ ಮಾತು ಸರಿ. ಖಾಲಿಯಿದ್ದ ದಿನ ಅಂಗಡಿ ಬೇಕು.

ಇನ್ನು ನಮ್ಮ ರಾಜ್ಯದ ಆರೋಗ್ಯ ಯೋಜನೆಗಳು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂದಿತು. ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆ ಉಚಿತ. ನಮ್ಮ ಹೊಗೆಸೊಪ್ಪಿನ ರೈತರಲ್ಲಿ ಎಷ್ಟೋ ಮಂದಿಯ ಜೀವ ಉಳಿಸಿದ ಯೋಜನೆ ಅದು. ಆದರೆ ಅದಕ್ಕೆ 75 ವರ್ಷದ ಮಿತಿಯಿತ್ತು. ಗಮನಿಸಿ: ಇಂಗ್ಲೆಂಡಿನಲ್ಲಿ ವಯಸ್ಸು ಒಳಗೆ ಬಿಡುವ ಬಾಗಿಲಾದರೆ, ಇಲ್ಲಿ ವಯಸ್ಸು ಹೊರಗೆ ಕಳಿಸುವ ಬಾಗಿಲಾಯಿತು. ವಿಮೆಯ ಲೆಕ್ಕಾಚಾರಕ್ಕೆ ಮುದುಕರು ನಷ್ಟದ ಬಾಬ್ತು. ಬಳಿಕ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಅದರೊಂದಿಗೆ ಸೇರಿಕೊಂಡ ಆಯುಷ್ಮಾನ್ ಭಾರತ ಬಂದವು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ, 70 ವರ್ಷ ತುಂಬಿದವರಿಗೆ ಬಡವ ಶ್ರೀಮಂತ ಭೇದವಿಲ್ಲದೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯೆಂದು ಸಾರಿತು. ವಯಸ್ಸೊಂದನ್ನೇ ನೋಡಿ ಕೊಡುವ ತತ್ತ್ವ ಕೊನೆಗೂ ನಮ್ಮಲ್ಲಿಗೆ ಬಂದಿತಲ್ಲ ಎಂದು ನಾನು ಸಂತೋಷಪಟ್ಟೆ. 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯಿದೆಯೂ ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು, ಸಾಧ್ಯವಾದಷ್ಟೂ ಹಾಸಿಗೆ, ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗೆ ಮೀಸಲು ಸೌಲಭ್ಯ ಇರಬೇಕೆಂದು ಹೇಳುತ್ತದೆ.

ಆದರೆ ಈ ವಿಮೆ ಮಾದರಿಯ ಯೋಜನೆಗಳಿಗೆಲ್ಲ ಒಂದು ಸಮಾನ ಗುಣವಿದೆ. ಅವು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದವನನ್ನು ನೋಡುತ್ತವೆ. ಮನೆಯಲ್ಲಿ ಕುಳಿತು ಮಾತ್ರೆ ನುಂಗುವವನನ್ನು ನೋಡುವುದಿಲ್ಲ. ಹಾಸಿಗೆಯ ವೆಚ್ಚ ಕಣ್ಣಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ದಿನಕ್ಕೆ ಕೆಲವೇ ರೂಪಾಯಿಯ ಮಾತ್ರೆ ಯಾರ ಕಣ್ಣಿಗೂ ಬೀಳುವುದಿಲ್ಲ. ದೇಶದ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇದ್ದುದು 2021–22ರ ಹೊತ್ತಿಗೆ ಶೇ. 39.4ಕ್ಕೆ ಇಳಿದಿದೆ. ಒಳ್ಳೆಯದೇ. ಉಳಿದ ಆ ಪಾಲಿನಲ್ಲಿ ನನ್ನ ಅತ್ತೆಯ ಅರ್ಧ ಮಾತ್ರೆಗಳೂ ಇವೆ. ಅವರು ನುಂಗದೆ ಬಿಟ್ಟ ಇನ್ನರ್ಧ ಮಾತ್ರ ಯಾವ ಲೆಕ್ಕದಲ್ಲಿಯೂ ಇಲ್ಲ.

ಸರ್ಕಾರಿ ನೌಕರನಾಗಿದ್ದ ನನ್ನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ರಾಜ್ಯದ 1963ರ ವೈದ್ಯಕೀಯ ಹಾಜರಾತಿ ನಿಯಮಗಳಂತೆ ಸೇವೆಯಲ್ಲಿದ್ದಾಗ ಔಷಧಿಯ ಬಿಲ್ಲು ಕೊಟ್ಟರೆ ಹಣ ಹಿಂದಿರುಗುತ್ತಿತ್ತು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಗಳೊಂದಿಗೆ ಮನೆಗೆ ಬಂದೆ. ಮರುದಿನದಿಂದ ಆ ಸೌಲಭ್ಯ ಇರಲಿಲ್ಲ. ಕಾಯಿಲೆ ಬಾರದ ವಯಸ್ಸಿನಲ್ಲಿ ಕೊಡೆ ಹಿಡಿದು, ಮಳೆ ಶುರುವಾದಾಗ ಮಡಿಸಿಕೊಂಡ ಹಾಗೆ. ಕೇಂದ್ರ ಸರ್ಕಾರದ ನಿವೃತ್ತರಿಗೆ 1954ರಲ್ಲಿ ಆರಂಭವಾದ ಆರೋಗ್ಯ ಯೋಜನೆಯಲ್ಲಿ ಔಷಧಿಯೂ ಸಿಗುತ್ತದೆ. ಆ ಸೌಲಭ್ಯವಿಲ್ಲದ ಊರಿನವರಿಗೆ 2017ರಿಂದ ತಿಂಗಳಿಗೆ 1000 ರೂಪಾಯಿಯ ವೈದ್ಯಕೀಯ ಭತ್ಯೆ ಗೊತ್ತಾಯಿತು. ನನಗೆ ಪಿಂಚಣಿ ಇದೆ, ಊಟಕ್ಕೆ ತೊಂದರೆಯಿಲ್ಲ. ನನ್ನ ದೂರು ದೊಡ್ಡದಲ್ಲ. ಪಿಂಚಣಿಯೂ ಇಲ್ಲದ ನನ್ನ ಅತ್ತೆಯಂಥವರ ಮುಂದೆ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪಿಂಚಣಿ ಎಂದೊಡನೆ ವಯಸ್ಸಿನ ದಾಖಲೆಯ ಮಾತು ಬಂದಿತು. ನಮ್ಮ ರಾಜ್ಯದಲ್ಲಿ 2007ರಲ್ಲಿ 65 ವರ್ಷ ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಆರಂಭವಾಯಿತು. ಆಗ ತಿಂಗಳಿಗೆ 400 ರೂಪಾಯಿ. ನನ್ನ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಧಾರ್ ಮಾಡಿಸುವ ದಿನ ಅಲ್ಲಿದ್ದ ಹುಡುಗ "ಅಜ್ಜೀ, ವಯಸ್ಸೆಷ್ಟು?" ಎಂದು ಕೇಳಿದಾಗ ಇವರು "ನಂಗೇನಪ್ಪ ಗೊತ್ತು, ನೀನೇ ಬರ್ಕೊ" ಎಂದರಂತೆ. ಅವನು 1958 ಎಂದು ಬರೆದುಕೊಂಡ. ನಾನು ಹುಟ್ಟಿದ್ದು 1957ರಲ್ಲಿ. ನನ್ನನ್ನು ಸೊಂಟದ ಮೇಲೆ ಹೊತ್ತು ಜಾತ್ರೆ ತೋರಿಸಿದ ಸೋದರತ್ತೆ ಸರ್ಕಾರದ ದಾಖಲೆಯಲ್ಲಿ ನನಗಿಂತ ಒಂದು ವರ್ಷ ಚಿಕ್ಕವರು! ಹೀಗಾಗಿ ಅವರಿಗೆ 65 'ತುಂಬಿದ್ದು' 2023ರಲ್ಲಿ. ನ್ಯಾಯವಾಗಿ ಸುಮಾರು ಹತ್ತು ವರ್ಷ ಮೊದಲೇ ಬರಬೇಕಾಗಿದ್ದ ಹಣ ಅವರ ಕೈ ಸೇರಲಿಲ್ಲ. 70ರ ಆಯುಷ್ಮಾನ್ ಕಾರ್ಡಿಗೆ ಅವರು 2028ರವರೆಗೆ ಕಾಯಬೇಕು.

ಆ ಹುಡುಗನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ತಲೆಮಾರಿನವರಲ್ಲಿ ಎಷ್ಟು ಮಂದಿಯ ಹುಟ್ಟಿದ ದಿನ ಜೂನ್ 1 ಎಂದು ಇದೆಯೋ ನೋಡಿ. ಪ್ರಾಥಮಿಕ ಶಾಲೆಯ ಮೇಷ್ಟ್ರು ಮಗುವಿನ ಕೈಯನ್ನು ತಲೆಯ ಮೇಲಿಂದ ತಂದು ಕಿವಿ ಮುಟ್ಟಿಸಿ, ಆರು ವರ್ಷವೆಂದು ತೀರ್ಮಾನಿಸಿ, ಶಾಲೆ ತೆರೆಯುವ ದಿನಕ್ಕೆ ಹೊಂದುವಂತೆ ಒಂದು ತಾರೀಖು ಬರೆಯುತ್ತಿದ್ದರು. ಪ್ರೌಢಶಾಲೆಯಲ್ಲಿ ನಾನು ಅದನ್ನೇ ವರ್ಗಾವಣೆ ಪತ್ರದಿಂದ ನೋಡಿ ಎಸ್ಸೆಸ್ಸೆಲ್ಸಿ ಅರ್ಜಿಗೆ ನಕಲು ಮಾಡಿದೆ, ನೂರಾರು ಮಕ್ಕಳಿಗೆ. ಆ ದಿನಾಂಕ ಮುಂದೊಂದು ದಿನ ಅವರ ಔಷಧಿಯನ್ನೂ ನಿರ್ಧರಿಸೀತೆಂಬ ಕಲ್ಪನೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ವಯಸ್ಸನ್ನು ನಂಬಿ ವಿನಾಯಿತಿ ಕೊಡುವುದು ಒಳ್ಳೆಯ ಪದ್ಧತಿಯೇ. ಆದರೆ ಅದಕ್ಕೆ ಮೊದಲು ಹುಟ್ಟನ್ನು ಬರೆದಿಡುವ ಪದ್ಧತಿ ಗಟ್ಟಿಯಾಗಿರಬೇಕು. ನನ್ನ ಶಿಷ್ಯನ ಪ್ರಶ್ನೆಗೆ ನನಗೆ ದೊರೆತ ಉತ್ತರದಲ್ಲಿ ಅರ್ಧ ಇದು.

ಉಳಿದರ್ಧ ಅತ್ತೆಯ ಕಥೆಯಲ್ಲಿದೆ. ನಾನು ತಂದುಕೊಟ್ಟ ಮಾತ್ರೆಯನ್ನೂ ಅವರು ಅರ್ಧ ಮಾಡಿಯೇ ನುಂಗಿದರು. 2025ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದವರಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಬಿಪಿಎಲ್ ಕಾರ್ಡಿದ್ದುದರಿಂದ ಆಸ್ಪತ್ರೆಯ ಖರ್ಚು ಸರ್ಕಾರದ ಮೇಲೆ ಹೋಯಿತು. ವೈದ್ಯರು, ದಾದಿಯರು ಚೆನ್ನಾಗಿಯೇ ನೋಡಿಕೊಂಡರು. ಆ ಹನ್ನೊಂದು ದಿನಗಳಿಗೆ ಸರ್ಕಾರ ಮಾಡಿದ ವೆಚ್ಚದಲ್ಲಿ ಅವರಿಗೆ ಎಷ್ಟು ವರ್ಷಗಳ ಇಡೀ ಮಾತ್ರೆ ಬರುತ್ತಿತ್ತೆಂದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಲು ಹೊರಟು, ಅರ್ಧಕ್ಕೇ ನಿಲ್ಲಿಸಿದೆ. ಇಂದು ಅವರು ಕೋಲು ಹಿಡಿದು ನಡೆಯುತ್ತಾರೆ. ಎಡಗೈಯಲ್ಲಿ ಎಲೆಗೆ ಸುಣ್ಣ ಹಚ್ಚಲಾಗುವುದಿಲ್ಲ, ಮೊಮ್ಮಗಳು ಹಚ್ಚಿಕೊಡುತ್ತಾಳೆ. ಮಾತ್ರೆಯನ್ನೂ ಅವಳೇ ಎಣಿಸಿ ಕೊಡುತ್ತಾಳೆ, ಇಡಿಯಾಗಿ.

ನಿರಾಶೆಯಿಂದ ಮುಗಿಸುವುದು ನನ್ನ ಸ್ವಭಾವವಲ್ಲ. ರಾಜಸ್ಥಾನ 2011ರ ಅಕ್ಟೋಬರ್ 2ರಂದು ಸರ್ಕಾರಿ ಆಸ್ಪತ್ರೆಗೆ ಬಂದವರಿಗೆಲ್ಲ ಉಚಿತ ಔಷಧಿ ಯೋಜನೆ ಆರಂಭಿಸಿತು. ತಮಿಳುನಾಡು ಅದಕ್ಕೂ ಎಷ್ಟೋ ಮೊದಲು, 1990ರ ದಶಕದ ನಡುವಿನಲ್ಲಿಯೇ, ಔಷಧಿಗಳನ್ನು ಒಟ್ಟಾಗಿ ಕೊಂಡು ಆಸ್ಪತ್ರೆಗಳಿಗೆ ಹಂಚುವ ನಿಗಮವನ್ನು ಕಟ್ಟಿತ್ತು. ನಮ್ಮಲ್ಲಿಯೂ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಆರಂಭವಾಗಿ, ಮನೆ ಬಾಗಿಲಿಗೆ ಬಂದು ರಕ್ತದೊತ್ತಡ, ಸಕ್ಕರೆ ನೋಡಿ ಮಾತ್ರೆ ಕೊಡುವ ಕ್ರಮ ಬಂದಿತು. ಮರುವರ್ಷ ಅದನ್ನು ಬೇರೆ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಇದು ಸರಿಯಾದ ದಾರಿ. ಚೀಟಿಯೂ ಬೇಡ, ಕಾರ್ಡೂ ಬೇಡ, ಹುಟ್ಟಿದ ದಿನವೂ ಬೇಡ. ಮಾತ್ರೆ ತಾನಾಗಿಯೇ ಮನೆಗೆ ಬರಬೇಕು ಮತ್ತು ತಪ್ಪದೆ ಬರಬೇಕು. ಒಂದು ತಿಂಗಳು ಬಂದು ಇನ್ನೊಂದು ತಿಂಗಳು ಬಾರದಿದ್ದರೆ ಅಡಿಕೆ ಕತ್ತರಿ ಮತ್ತೆ ಹೊರಬರುತ್ತದೆ.

ನನ್ನ ಶಿಷ್ಯನಿಗೆ ಇದನ್ನೇ ಬರೆದು ಕಳಿಸಿದೆ. ನಿಮಗೆಲ್ಲರಿಗೂ ನನ್ನದೊಂದು ಮನೆಗೆಲಸವಿದೆ; ಇದಕ್ಕೆ ಅಂಕವಿಲ್ಲ. ಮುಂದಿನ ಸಾರಿ ಊರಿಗೆ ಹೋದಾಗ ನಿಮ್ಮ ಅಜ್ಜಿ, ಅತ್ತೆ, ದೊಡ್ಡಪ್ಪ, ಚಿಕ್ಕಮ್ಮಂದಿರನ್ನು "ಮಾತ್ರೆ ತಗೊಳ್ತಾ ಇದೀರಾ?" ಎಂದು ಕೇಳಿ ಸುಮ್ಮನಾಗಬೇಡಿ. ಅವರು ಹೌದೆಂದೇ ಹೇಳುತ್ತಾರೆ. ಮೆಲ್ಲನೆ ಎಲೆಅಡಿಕೆ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಹಾಗೆಯೇ ಅವರ ಆಧಾರ್ ಕಾರ್ಡಿನಲ್ಲಿರುವ ಇಸವಿಯನ್ನೂ ನೋಡಿ; ಅವರು ನಿಮ್ಮ ತಂದೆಗಿಂತ ಚಿಕ್ಕವರಾಗಿ ಬಿಟ್ಟಿದ್ದಾರೆಯೇ ಎಂದು.